ಏಳೇ ದಿನದಲ್ಲಿ ಬೆಳ್ಳಗಾದರೆ ಹೆದರಬೇಕು

ಕುಂಬಳೆ ಕಡೆಯ ಒಂದು ಗ್ರಂಥಾಲಯದಲ್ಲಿ ಆಡಿದ ಮಾತು ಇದು. ಬರೆಯುವಾಗ ಸ್ವಲ್ಪ ಒಪ್ಪ ಮಾಡಿದ್ದೇನೆ, ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ. ನಾನು ಕೆಮಿಸ್ಟ್ರಿ ಕಲಿಸಿದವನು, ಚರ್ಮದ ಡಾಕ್ಟರಲ್ಲ. ಹಾಗಾಗಿ ಇಲ್ಲಿ ಯಾರಿಗೂ ಮದ್ದು ಹೇಳಿಲ್ಲ. ಮುಖಕ್ಕೆ ಹಚ್ಚುವ ಕ್ರೀಮು, ಅದರಲ್ಲೂ ಏಳೇ ದಿನದಲ್ಲಿ ಬೆಳ್ಳಗೆ ಮಾಡುತ್ತೇವೆ ಅನ್ನುವ ಕ್ರೀಮು, ಅದರ ಡಬ್ಬಿಯೊಳಗೆ ಏನಿರುತ್ತದೆ, ಅದನ್ನು ಪರೀಕ್ಷೆ ಮಾಡಿದವರು ಏನು ಕಂಡರು, ಅಷ್ಟೇ.

ಎಲ್ಲರಿಗೂ ನಮಸ್ಕಾರ.

ಹತ್ತಿರದ ವಿಷಯದಿಂದಲೇ ಶುರು ಮಾಡುತ್ತೇನೆ. ಕಣ್ಣೂರು, ಕಲ್ಲಿಕೋಟೆ ದಾಟಿದರೆ ಮಲಪ್ಪುರಂ ಜಿಲ್ಲೆ. ಅಲ್ಲಿ ಕೋಟ್ಟಕ್ಕಲ್‌ನ ಆಸ್ಟರ್ ಮಿಮ್ಸ್ ಆಸ್ಪತ್ರೆಯ ಕಿಡ್ನಿ ಡಾಕ್ಟರುಗಳು ಒಂದು ವಿಚಿತ್ರ ಗಮನಿಸಿದರು. ಮೆಂಬ್ರೇನಸ್ ನೆಫ್ರೋಪತಿ ಅಂತ ಒಂದು ಕಾಯಿಲೆ ಇದೆ. ಕಿಡ್ನಿಯಲ್ಲಿ ರಕ್ತ ಸೋಸುವ ಪೊರೆ ಕೆಟ್ಟು, ದೇಹದ ಪ್ರೋಟೀನು ಮೂತ್ರದಲ್ಲಿ ಸೋರಿ ಹೋಗುತ್ತದೆ. ಕಾಲು ಬಾತುಕೊಳ್ಳುತ್ತದೆ, ಮೂತ್ರದಲ್ಲಿ ನೊರೆ ನಿಲ್ಲುತ್ತದೆ. 2021ರ ಜುಲೈಯಿಂದ 2023ರ ಸೆಪ್ಟೆಂಬರ್ ತನಕ ಅವರಿಗೆ ಇಂಥ 22 ಕೇಸು ಸಿಕ್ಕಿದವು. ಅದರಲ್ಲಿ 15 ಜನರದ್ದು ನೆಲ್-1 ಅಂತ ಕರೆಯುವ, ಸಾಮಾನ್ಯವಾಗಿ ಅಪರೂಪದ ಬಗೆ. ಅಪರೂಪದ್ದು ಒಂದೇ ಕಡೆ ಇಷ್ಟೊಂದು ಯಾಕೆ ಅಂತ ಒಬ್ಬೊಬ್ಬರನ್ನೇ ಕೂರಿಸಿ ವಿಚಾರಿಸಿದರೆ, ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು. ಇದು ‘ಕಿಡ್ನಿ ಇಂಟರ್‌ನ್ಯಾಷನಲ್’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕ್ರೀಮ್ ನಿಲ್ಲಿಸಿದ ಮೇಲೆ ಹೆಚ್ಚಿನವರು ಸುಧಾರಿಸಿಕೊಂಡರು ಅನ್ನುವುದೂ ಅದರಲ್ಲೇ ಇದೆ.

ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಹೇಗೆ ಹೋಯಿತು? ಪಾದರಸ. ಅದು ಚರ್ಮದ ಮೂಲಕ ಒಳಗೆ ಇಳಿಯುತ್ತದೆ, ಇಳಿದದ್ದು ಕಿಡ್ನಿಯಲ್ಲಿ ಕೂರುತ್ತದೆ. ಕೋಟ್ಟಕ್ಕಲ್ ವರದಿಗೆ ಮೊದಲೇ, ಪಾದರಸ ಬೆರೆತ ನಾಟಿಮದ್ದು ತಿಂದವರಲ್ಲಿ ಇದೇ ನೆಲ್-1 ಬಗೆಯನ್ನು ದಕ್ಷಿಣ ಭಾರತದ ಡಾಕ್ಟರುಗಳು ಕಂಡಿದ್ದರು. ಅದಕ್ಕಿಂತಲೂ ಹಿಂದೆ ಹೋದರೆ 1972, ಕೀನ್ಯಾದ ನೈರೋಬಿ. ಮೂತ್ರದಲ್ಲಿ ಪ್ರೋಟೀನು ಸೋರುವ 60 ರೋಗಿಗಳನ್ನು ನೋಡಿದಾಗ 32 ಮಂದಿ ಪಾದರಸದ ಕ್ರೀಮ್ ಹಚ್ಚಿದವರಾಗಿದ್ದರು. ಅಂದರೆ ಇದು ಹೊಸ ಸಂಶೋಧನೆ ಅಲ್ಲವೇ ಅಲ್ಲ. ಐವತ್ತು ವರ್ಷದಿಂದ ಗೊತ್ತಿರುವ ವಿಷ, ಈಗ ಚಂದದ ಡಬ್ಬಿಯಲ್ಲಿ ನಮ್ಮ ಫ್ಯಾನ್ಸಿ ಅಂಗಡಿಗೆ ಬಂದಿದೆ. ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲೂ ಬಂದಿದೆ.

ಪಾದರಸ ಬೆಳ್ಳಗೆ ಮಾಡುವುದು ಸುಳ್ಳಲ್ಲ, ನಿಜವಾಗಿ ಮಾಡುತ್ತದೆ. ಅದೇ ತೊಂದರೆ. ಚರ್ಮದ ಕೆಳಪದರದಲ್ಲಿ ಮೆಲನೋಸೈಟ್ ಅನ್ನುವ ಜೀವಕೋಶಗಳಿವೆ, ಬಣ್ಣ ತಯಾರಿಸುವುದು ಅವು. ಬಿಳಿಯರಲ್ಲೂ ಕಪ್ಪು ಬಣ್ಣದವರಲ್ಲೂ ಅವುಗಳ ಸಂಖ್ಯೆ ಹೆಚ್ಚುಕಮ್ಮಿ ಒಂದೇ. ಅವು ಮಾಡುವ ಮೆಲನಿನ್ ಎಷ್ಟು, ಆ ಕಣಗಳ ಗಾತ್ರ ಎಷ್ಟು, ಹೇಗೆ ಹರಡುತ್ತವೆ, ಇದರಲ್ಲಿ ಮಾತ್ರ ವ್ಯತ್ಯಾಸ. ಮೆಲನಿನ್ ತಯಾರಾಗಬೇಕಾದರೆ ಟೈರೋಸಿನೇಸ್ ಅನ್ನುವ ಕಿಣ್ವ ಬೇಕು. ಅದರ ನಡುವೆ ತಾಮ್ರ ಇರುತ್ತದೆ. ಪಾದರಸ ಬಂದು ಆ ತಾಮ್ರದ ಕೆಲಸವನ್ನು ಕೆಡಿಸುತ್ತದೆ. ಕಿಣ್ವ ನಿಂತಿತು, ಬಣ್ಣವೂ ನಿಂತಿತು.

ಒಂದು ಗುರುತು ಹೇಳುತ್ತೇನೆ, ಇದನ್ನು ನೆನಪಿಟ್ಟುಕೊಳ್ಳಿ. ಪಾದರಸ ಇರುವ ಕೆಲವು ಕ್ರೀಮುಗಳ ಲೇಬಲಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಎಚ್ಚರಿಕೆ ಇರುತ್ತದೆ. ಚಿನ್ನ, ಬೆಳ್ಳಿ, ಅಲ್ಯುಮಿನಿಯಂ, ರಬ್ಬರ್, ಆಭರಣಗಳಿಗೆ ತಾಗಿಸಬೇಡಿ ಅಂತ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೊಂದು ಸುಳಿವು ಅಂತ ಹೇಳಿದೆ. ಯಾಕೆ ಅಂದರೆ ಪಾದರಸ ಚಿನ್ನದ ಜೊತೆ ಬೆರೆತು ಅದನ್ನು ಬೆಳ್ಳಗೆ, ಮೆದು ಮಾಡಿಬಿಡುತ್ತದೆ, ಅಕ್ಕಸಾಲಿಗರನ್ನು ಕೇಳಿ, ಅವರಿಗೆ ಚೆನ್ನಾಗಿ ಗೊತ್ತು. ಕೊರಳಿನ ಸರಕ್ಕೆ ಆಗದ್ದು ಕೊರಳಿಗೆ ಆಗುತ್ತದೆ ಅಂತ ಹೇಗೆ ನಂಬುವುದು? ಇನ್ನು ಕೆಲವರು ಪದಾರ್ಥಗಳ ಪಟ್ಟಿಯಲ್ಲಿ ಕ್ಯಾಲೊಮೆಲ್, ಮರ್ಕ್ಯುರಿಕ್, ಸಿನಬಾರ್ ಅಂತ ಹಾಕುತ್ತಾರೆ, ಎಲ್ಲ ಪಾದರಸವೇ. ಹೆಚ್ಚಿನವರು ಏನೂ ಹಾಕುವುದೇ ಇಲ್ಲ.

ಆಗ ಮುಂದೆ ಕೂತಿದ್ದ ಒಬ್ಬರು ಅಕ್ಕ ಕೇಳಿದರು: “ಮಾಸ್ಟ್ರೆ, ನಾನು ಹಚ್ಚಿದರೆ ನನಗೆ ಮಾತ್ರ ಅಲ್ವಾ? ಮಕ್ಕಳಿಗೆ ಏನೂ ಆಗುವುದಿಲ್ಲ ಅಲ್ಲ?”

ಆಗುತ್ತದೆ. ಪಾದರಸ ಮನೆಯೊಳಗೆ ಆವಿಯಾಗುತ್ತದೆ, ತಲೆದಿಂಬಿಗೆ, ಬೈರಾಸಿಗೆ, ಬೆಡ್‌ಶೀಟಿಗೆ ಹತ್ತುತ್ತದೆ. ಕ್ರೀಮ್ ಹಚ್ಚದೇ ಇದ್ದ ಮಕ್ಕಳ ಮೈಯಲ್ಲೂ ಪಾದರಸ ಸಿಕ್ಕಿದ ಪ್ರಕರಣಗಳು ಅಮೆರಿಕದ ಕ್ಯಾಲಿಫೋರ್ನಿಯಾದಿಂದ ವರದಿಯಾಗಿವೆ. ಬಸುರಿಯಾದರೆ ಹೊಟ್ಟೆಯೊಳಗಿನ ಮಗುವಿಗೂ ಅಪಾಯ ಇದೆ.

ಕಾನೂನು ಇಲ್ಲ ಅಂತಲ್ಲ. ನಮ್ಮ 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಸಾಮಾನ್ಯ ಕ್ರೀಮಿನಲ್ಲಿ, ಬೇಕೆಂದು ಹಾಕದೆ ಹೇಗೋ ಬೆರೆತದ್ದು ಕೂಡ ಹತ್ತು ಲಕ್ಷದಲ್ಲಿ 1 ಭಾಗ ಮೀರುವ ಹಾಗಿಲ್ಲ. ಅಂದರೆ ಒಂದು ಕಿಲೋ ಕ್ರೀಮಿನಲ್ಲಿ 1 ಮಿಲಿಗ್ರಾಂ. ಮಿನಮಾಟ ಒಪ್ಪಂದ ಅಂತ ಪಾದರಸದ ಮೇಲೆ ಒಂದು ಅಂತಾರಾಷ್ಟ್ರೀಯ ಒಪ್ಪಂದವೂ ಇದೆ, 2017ರಿಂದ ಜಾರಿಯಲ್ಲಿದೆ, ಭಾರತ ಅದಕ್ಕೆ ಸೇರಿದೆ. ಕೇರಳದ ಡ್ರಗ್ಸ್ ಕಂಟ್ರೋಲ್ ಇಲಾಖೆ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಅಂತ ಅಂಗಡಿ ಅಂಗಡಿ ತಪಾಸಣೆಯನ್ನೂ ಶುರು ಮಾಡಿತು, ಅದರಲ್ಲಿ ಸಿಕ್ಕಿದ ಕೆಲವು ಮಾಲಿನಲ್ಲಿ ಮಿತಿಗಿಂತ ಸಾವಿರಾರು ಪಟ್ಟು ಪಾದರಸ ಇತ್ತು. ಆದರೆ ಗಡಿ ದಾಟಿ ಬರುವ ಡಬ್ಬಿ, ಆನ್‌ಲೈನಿನಲ್ಲಿ ಬರುವ ಡಬ್ಬಿ, ಅತ್ತೆಯ ಮಗಳು ಸೌದಿಯಿಂದ ಕಳಿಸಿದ ಡಬ್ಬಿ, ಇದನ್ನೆಲ್ಲ ಯಾವ ಇನ್‌ಸ್ಪೆಕ್ಟರ್ ಬಂದು ನೋಡುತ್ತಾನೆ? ಆಮದು ಮಾಡಿದ ಕ್ರೀಮ್ ಆದರೆ ಲೇಬಲಿನಲ್ಲಿ ಆಮದುದಾರರ ಹೆಸರು, ವಿಳಾಸ, ನೋಂದಣಿ ನಂಬರ್ ಇರಲೇಬೇಕು. ಇಲ್ಲವಾದರೆ ಅದು ಕದ್ದು ಬಂದ ಮಾಲು. ಅಷ್ಟು ನೋಡಲು ಯಾವ ಕೆಮಿಸ್ಟ್ರಿಯೂ ಬೇಡ.

ಈಗ ಏಳು ದಿನದ ಲೆಕ್ಕಕ್ಕೆ ಬರೋಣ. ಚರ್ಮದ ತೀರಾ ಮೇಲಿನ ಪದರ ಸತ್ತ ಕೋಶಗಳದ್ದು. ಮುಖದ ಮೇಲೆ ಅದರ ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ನಮ್ಮ ಕಡೆಯ ಮುರಕಲ್ಲಿನ ಗೋಡೆ ಕಣ್ಣಿಗೆ ತಂದುಕೊಳ್ಳಿ: ಕಲ್ಲು ಅಂದರೆ ಆ ಕೋಶಗಳು, ನಡುವಿನ ಗಾರೆ ಅಂದರೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ. ಅಮೆರಿಕದ ಪೀಟರ್ ಇಲಿಯಾಸ್ ಅನ್ನುವ ಚರ್ಮವಿಜ್ಞಾನಿ ಕಲ್ಲು-ಗಾರೆಯ ಈ ಮಾದರಿಯನ್ನು ಕೊಟ್ಟದ್ದು, ಇವತ್ತಿಗೂ ಮಾಯಿಶ್ಚರೈಸರ್ ಮಾಡುವವರೆಲ್ಲ ಅದನ್ನೇ ಹಿಡಿದುಕೊಂಡಿದ್ದಾರೆ. ಕೆಳಪದರದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಿ ಹೋಗಲು ಸುಮಾರು ಒಂದು ತಿಂಗಳು ಬೇಕು, ವಯಸ್ಸಾದರೆ ಇನ್ನೂ ಜಾಸ್ತಿ. ಬಣ್ಣವೂ ಅದೇ ಕೋಶದ ಹೊಟ್ಟೆಯಲ್ಲಿ ಕೂತು ಮೇಲೆ ಬರುತ್ತದೆ. ಹಾಗಾಗಿ ಇವತ್ತು ಬಣ್ಣದ ತಯಾರಿಯನ್ನು ನ್ಯಾಯವಾದ ದಾರಿಯಲ್ಲಿ ಸ್ವಲ್ಪ ಕಮ್ಮಿ ಮಾಡಿದರೂ ಕನ್ನಡಿಯಲ್ಲಿ ಕಾಣಲು ನಾಲ್ಕಾರು ವಾರ ಬೇಕು. ಒಂದೇ ವಾರದಲ್ಲಿ ಎದ್ದು ಕಾಣುವಷ್ಟು ಬದಲಾಯಿತು ಅಂದರೆ ಏನೋ ಜೋರಾದ್ದು ನಡೆದಿದೆ ಅಂತಲೇ ಅರ್ಥ.

ಜೋರಾದ್ದು ಅಂದರೆ ಪಾದರಸ, ಇಲ್ಲವೇ ಸ್ಟಿರಾಯ್ಡ್.

ಸ್ಟಿರಾಯ್ಡಿನ ಕತೆ ನನಗೆ ತುಂಬಾ ಇಷ್ಟ. 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಅನ್ನುವ ಇಬ್ಬರು ಸ್ಟಿರಾಯ್ಡ್ ಮುಲಾಮಿನ ಶಕ್ತಿ ಅಳೆಯಲು ಒಂದು ಸುಲಭ ಪರೀಕ್ಷೆ ಕಂಡುಹಿಡಿದರು. ತೋಳಿಗೆ ಹಚ್ಚುವುದು, ಕೆಲವು ಗಂಟೆ ಬಿಟ್ಟು ಆ ಜಾಗ ಎಷ್ಟು ಬಿಳಿಚಿಕೊಂಡಿದೆ ಅಂತ ನೋಡುವುದು. ಸ್ಟಿರಾಯ್ಡ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ರಕ್ತ ಕಮ್ಮಿಯಾಗಿ ಚರ್ಮ ಬೆಳ್ಳಗೆ ಕಾಣುತ್ತದೆ. ಎಷ್ಟು ಜಾಸ್ತಿ ಬಿಳಿಚಿತೋ ಸ್ಟಿರಾಯ್ಡ್ ಅಷ್ಟು ಜೋರು. ನೋಡಿ, ಲ್ಯಾಬಿನಲ್ಲಿ ಮದ್ದಿನ ತೀವ್ರತೆ ಅಳೆಯುವ ಪರೀಕ್ಷೆಯನ್ನೇ ನಮ್ಮ ಹುಡುಗಿಯರು ಬಾತ್‌ರೂಮಿನ ಕನ್ನಡಿ ಮುಂದೆ ಮಾಡಿಕೊಂಡು “ಕ್ರೀಮ್ ಸೂಪರ್” ಅನ್ನುತ್ತಿದ್ದಾರೆ. ಹುಡುಗರೂ ಕಮ್ಮಿ ಇಲ್ಲ.

ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆನ್ನೆಯಲ್ಲಿ ಕೆಂಪು ನಾಳಗಳು ಎದ್ದು ಕಾಣುತ್ತವೆ, ಮೊಡವೆ, ರೋಮ ಜಾಸ್ತಿಯಾಗುತ್ತದೆ. ನಿಲ್ಲಿಸಿದ ಕೂಡಲೇ ಮುಖ ಕೆಂಪಾಗಿ ಉರಿಯುತ್ತದೆ, ಉರಿಗೆ ಹೆದರಿ ಪುನಃ ಹಚ್ಚುತ್ತಾರೆ. ಈ ಸುಳಿಗೆ ಭಾರತದ ಚರ್ಮವೈದ್ಯರೇ ಒಂದು ಹೆಸರು ಕೊಟ್ಟಿದ್ದಾರೆ, ಟಾಪಿಕಲ್ ಸ್ಟಿರಾಯ್ಡ್ ಡ್ಯಾಮೇಜ್ಡ್ ಫೇಸ್. ಕಂಡುಹಿಡಿದ ಕಾಯಿಲೆಯಲ್ಲ, ನಾವು ಹುಟ್ಟಿಸಿದ ಕಾಯಿಲೆ. 2018ರಲ್ಲಿ ಕೇಂದ್ರ ಸರಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಈಗಲೂ ಮೆಡಿಕಲ್ ಶಾಪಿಗೆ ಹೋಗಿ ಟ್ಯೂಬಿನ ಹೆಸರು ಹೇಳಿದರೆ ಸಾಕು, ಚೀಟಿ ಯಾರು ಕೇಳುತ್ತಾರೆ?

ಇನ್ನೊಂದು ಕೆಡುಕು ನಮ್ಮ ಸೆಕೆಯ ಊರಿಗೆ ಹೆಚ್ಚು ಅನ್ವಯಿಸುತ್ತದೆ. ಹುಳುಕಡ್ಡಿ, ಗಜಕರ್ಣ. ಅದಕ್ಕೆ ಸ್ಟಿರಾಯ್ಡ್ ಬೆರೆಸಿದ ಮುಲಾಮು ಹಚ್ಚಿದರೆ ತುರಿಕೆ ಎರಡೇ ದಿನದಲ್ಲಿ ನಿಲ್ಲುತ್ತದೆ, ಒಳಗೆ ಶಿಲೀಂಧ್ರ ಮಾತ್ರ ಆರಾಮಾಗಿ ಬೆಳೆಯುತ್ತದೆ. ಮಾಮೂಲಿ ಮದ್ದಿಗೆ ಬಗ್ಗದ ಒಂದು ತಳಿ ಈಗ ಎಷ್ಟೋ ದೇಶಗಳಿಗೆ ಹಬ್ಬಿದೆ. 2020ರಲ್ಲಿ ಅದಕ್ಕೆ ಇಟ್ಟ ಹೆಸರು ಟ್ರೈಕೋಫೈಟನ್ ಇಂಡೋಟಿನಿಯೆ. ಹೆಸರಿನಲ್ಲೇ ಇಂಡಿಯ. ಹೆಮ್ಮೆಪಡಬೇಕಾದ ವಿಷಯವೇನಲ್ಲ.

“ಹಾಗಾದರೆ ಟಿವಿಯಲ್ಲಿ ಬರುವ ದೊಡ್ಡ ಕಂಪನಿಯ ಕ್ರೀಮುಗಳು?” ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ನೋಂದಣಿ ಇರುವ ದೊಡ್ಡ ಕಂಪನಿಯ ಮಾಲಿನಲ್ಲಿ ಪಾದರಸದ ಹೆದರಿಕೆ ಸಾಮಾನ್ಯವಾಗಿ ಇಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಯಾವುದರ ಜೊತೆ ಹೋಲಿಸಿ ಚೆನ್ನಾಗಿದೆ ಅನ್ನುತ್ತೀರಿ?

ಒಣಗಿದ ಚರ್ಮಕ್ಕೆ ಏನೇ ಜಿಡ್ಡು ಹಚ್ಚಿದರೂ ನೀರು ಒಳಗೇ ನಿಲ್ಲುತ್ತದೆ, ಮೇಲಿನ ಪದರ ಉಬ್ಬುತ್ತದೆ, ಸಣ್ಣ ಸುಕ್ಕು ಮಾಯವಾದ ಹಾಗೆ ಕಾಣುತ್ತದೆ. ಇದಕ್ಕೆ ಕೆಲವು ಗಂಟೆ ಸಾಕು. ಹಾಗಾಗಿ ‘ಹಚ್ಚುವ ಮೊದಲು, ಹಚ್ಚಿದ ಮೇಲೆ’ ಅಂತ ಎರಡು ಫೋಟೋ ತೋರಿಸಿದರೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಸರಿಯಾದ ಪರೀಕ್ಷೆ ಹೇಗೆ ಅಂದರೆ ಅರ್ಧ ಜನರಿಗೆ ಮದ್ದು ಇರುವ ಕ್ರೀಮ್, ಉಳಿದವರಿಗೆ ಮದ್ದಿಲ್ಲದ ಬರೀ ಬೇಸ್ ಕ್ರೀಮ್. ಯಾರಿಗೆ ಯಾವುದು ಅಂತ ಹಚ್ಚುವವರಿಗೂ ಗೊತ್ತಿರಬಾರದು, ಅಳೆಯುವವರಿಗೂ ಗೊತ್ತಿರಬಾರದು. ಜಾಹೀರಾತಿನಲ್ಲಿ ‘ನೂರಕ್ಕೆ ಇಷ್ಟು ಮಹಿಳೆಯರು ಒಪ್ಪಿದ್ದಾರೆ’ ಅಂತ ಬರುತ್ತದಲ್ಲ, ಅದು ಅಭಿಪ್ರಾಯ ಸಂಗ್ರಹ. ಪುಕ್ಕಟೆ ಡಬ್ಬಿ ಸಿಕ್ಕಿದವರು ಚೆನ್ನಾಗಿಲ್ಲ ಅಂತ ಹೇಳುವುದುಂಟೇ?

ಇಂಥ ಸರಿಯಾದ ಪರೀಕ್ಷೆಗೆ ಒಳಗಾದ ಕಾಸ್ಮೆಟಿಕ್ ಕಮ್ಮಿ. ಒಂದು ಮಾತ್ರ ಹೆಸರುವಾಸಿ. ಬ್ರಿಟನ್ನಿನ ಬೂಟ್ಸ್ ಕಂಪನಿಯ ನಂಬರ್ 7 ಸೀರಮ್. 2007ರಲ್ಲಿ ಬಿಬಿಸಿಯ ವಿಜ್ಞಾನ ಕಾರ್ಯಕ್ರಮದಲ್ಲಿ ಅದರ ಬಗ್ಗೆ ಒಳ್ಳೆಯ ಮಾತು ಬಂದದ್ದೇ ತಡ, ಅಂಗಡಿಗಳಲ್ಲಿ ಸ್ಟಾಕ್ ಖಾಲಿ. ಆಮೇಲೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು 60 ಜನರ ಮೇಲೆ ಆರು ತಿಂಗಳು ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. ಸೀರಮ್ ಹಚ್ಚಿದವರಲ್ಲಿ ಶೇ. 43 ಮಂದಿಯ ಸುಕ್ಕು ಸುಧಾರಿಸಿತು. ಬರೀ ಬೇಸ್ ಹಚ್ಚಿದವರಲ್ಲಿ ಶೇ. 22. ದುಪ್ಪಟ್ಟು ಅಂತ ಕಾಣುತ್ತದೆ ಅಲ್ವಾ? ಯಾರ್ಕ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಮಾರ್ಟಿನ್ ಬ್ಲಾಂಡ್ ತಕರಾರು ಎತ್ತಿದರು. ನೀವು ಒಂದೊಂದು ಗುಂಪನ್ನೂ ಅದರದ್ದೇ ಮೊದಲ ಸ್ಥಿತಿಯ ಜೊತೆ ಹೋಲಿಸಿದ್ದೀರಿ, ಎರಡು ಗುಂಪುಗಳನ್ನು ಒಂದರ ಜೊತೆ ಇನ್ನೊಂದನ್ನು ಹೋಲಿಸಬೇಕಿತ್ತು, ಹಾಗೆ ಮಾಡಿದರೆ ಇಷ್ಟು ಕಮ್ಮಿ ಜನರಲ್ಲಿ ಈ ವ್ಯತ್ಯಾಸ ಬರೀ ಆಕಸ್ಮಿಕವೂ ಆಗಿರಬಹುದು ಅಂತ. ಅವರ ಮಾತು ಸರಿಯಿತ್ತು. ಕೊನೆಗೆ ಅಚ್ಚಾದ ಲೇಖನದಲ್ಲಿ ಆರು ತಿಂಗಳ ಫಲಿತಾಂಶದ ಬಗ್ಗೆ ದನಿ ತಗ್ಗಿಸಲಾಯಿತು. ನನಗೆ ಈ ಕತೆಯಲ್ಲಿ ಮುಖ್ಯ ಅನಿಸುವುದು ಆ ಶೇ. 22. ಮದ್ದೇ ಇಲ್ಲದ ಕ್ರೀಮ್ ಆರು ತಿಂಗಳು ಹಚ್ಚಿದವರಲ್ಲೂ ಐವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಸುಧಾರಿಸಿದ್ದಾರೆ!

ನಿಜವಾಗಿ ಗೆದ್ದ ಮದ್ದು ಟ್ರೆಟಿನಾಯಿನ್. ವಿಟಮಿನ್ ಎ ಕುಟುಂಬದ್ದು. ಅಮೆರಿಕದಲ್ಲಿ 1971ರಲ್ಲಿ ಮೊಡವೆಗೆ ಒಪ್ಪಿಗೆ ಸಿಕ್ಕಿತು. ಹಚ್ಚಿದ ಹೆಂಗಸರು ಮೊಡವೆ ಮಾತ್ರ ಅಲ್ಲ ಸುಕ್ಕೂ ಕಮ್ಮಿ ಆಗಿದೆ ಅನ್ನತೊಡಗಿದರು. 1988ರಲ್ಲಿ 16 ವಾರಗಳ ಒಂದು ಪರೀಕ್ಷೆ ನಡೆಯಿತು, 30 ಜನ. ಮುಖಕ್ಕೆ ಮದ್ದು ಹಚ್ಚಿದ 15ರಲ್ಲಿ 14 ಮಂದಿಗೆ ಸುಧಾರಣೆ, ಬರೀ ಬೇಸ್ ಹಚ್ಚಿದವರಲ್ಲಿ ಒಬ್ಬರಿಗೂ ಇಲ್ಲ. ಹೆಚ್ಚಿನವರಿಗೆ ಉರಿ, ಸಿಪ್ಪೆ ಏಳುವುದು ಆಯಿತು ಅನ್ನುವುದನ್ನೂ ಅವರೇ ಬರೆದಿದ್ದಾರೆ. ಬಸುರಿಯರು ಇದನ್ನು ಹಚ್ಚಬಾರದು.

ಈ ಮದ್ದಿನ ಹಿಂದೆ ಇರುವ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಹೆಸರನ್ನು ಸುಮ್ನೆ ಹೇಳಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ 1951ರಿಂದ 1974ರ ತನಕ ಕೈದಿಗಳ ಮೇಲೆ, ಅದರಲ್ಲೂ ಹೆಚ್ಚಿನವರು ಕಪ್ಪು ಜನ, ಅವರ ಬೆನ್ನಿನ ಮೇಲೆ ಕ್ರೀಮು, ಶಾಂಪೂ, ಕೊನೆಗೆ ಡಯಾಕ್ಸಿನ್ ಅನ್ನುವ ವಿಷವನ್ನೂ ಹಚ್ಚಿ ಪ್ರಯೋಗ ಮಾಡಿದ ಮನುಷ್ಯ ಇವರು. ಕೈದಿಗಳಿಗೆ ಕೆಲವು ಡಾಲರ್ ಕೊಡುತ್ತಿದ್ದರು, ಏನು ಹಚ್ಚುತ್ತಿದ್ದಾರೆ ಅಂತ ಸರಿಯಾಗಿ ಹೇಳುತ್ತಿರಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜು 2021ರಲ್ಲಿ ಕ್ಷಮೆ ಕೇಳಿತು, ಫಿಲಡೆಲ್ಫಿಯಾ ನಗರ 2022ರಲ್ಲಿ. ಚರ್ಮವಿಜ್ಞಾನದ ಎಷ್ಟೋ ಪಾಠಗಳು ಇಂಥ ಬೆನ್ನುಗಳಿಂದ ಬಂದಿವೆ.

ನಯಾಸಿನಮೈಡ್ ಬಗ್ಗೆ ಎರಡು ಮಾತು. ಇದು ವಿಟಮಿನ್ ಬಿ3. ಕೋಶಗಳ ನಡುವೆ ಬಣ್ಣದ ಕಣ ದಾಟುವುದನ್ನು ಇದು ಸ್ವಲ್ಪ ತಡೆಯುತ್ತದೆ. ಕಲೆ ಸ್ವಲ್ಪ ತಿಳಿಯಾಗಬಹುದು, ವಾರಗಟ್ಟಲೆ ಹಚ್ಚಬೇಕು, ಬಿಟ್ಟರೆ ವಾಪಸ್. 1975ರಲ್ಲಿ ಬಂದು 2020ರಲ್ಲಿ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಸೇರಿಸಿಕೊಂಡ ನಮ್ಮ ದೇಶದ ಪ್ರಸಿದ್ಧ ಕ್ರೀಮಿನ ಮುಖ್ಯ ಪದಾರ್ಥ ಇದೇ. ಇನ್ನು ಕೊಲಾಜನ್ ಕ್ರೀಮ್ ಅಂತ ಸಾವಿರಾರು ರೂಪಾಯಿ ಕೊಡುವವರಿಗೆ: 2000ದಲ್ಲಿ ಬಾಸ್ ಮತ್ತು ಮೈನಾರ್ಡಿ ಒಂದು ಲೆಕ್ಕ ಕೊಟ್ಟರು. 500 ಡಾಲ್ಟನ್‌ಗಿಂತ ಭಾರದ ಅಣು ಆರೋಗ್ಯವಂತ ಚರ್ಮದ ಒಳಗೆ ಇಳಿಯುವುದು ಬಹಳ ಕಷ್ಟ. ಕೊಲಾಜನ್ ಅಣುವಿನ ಭಾರ ಸುಮಾರು 3,00,000 ಡಾಲ್ಟನ್. ಗೋಲ್ಡ್ ಫೇಷಿಯಲ್ ಬಗ್ಗೆ ನಾನು ಏನೂ ಹೇಳುವುದಿಲ್ಲ, ಸಭೆಯಲ್ಲಿ ಪಾರ್ಲರಿನವರೂ ಇದ್ದಾರೆ.

ಇಲ್ಲಿ ನಗು ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬರು ಅಜ್ಜಿ, “ಇದೆಲ್ಲ ಯಾಕೆ? ತೆಂಗಿನೆಣ್ಣೆ ಇಲ್ವಾ?” ಅಂದರು.

ಇದೆ ಅಜ್ಜಿ. ಅದೂ ಕಾಸರಗೋಡಿನಲ್ಲಿ ತೆಂಗಿನೆಣ್ಣೆಯ ಬಗ್ಗೆ ಹೇಳದೆ ಹೋದರೆ ನನ್ನನ್ನು ಬಿಡುವವರು ಯಾರು! 1916ರಲ್ಲಿ ಶುರುವಾದ ತೆಂಗಿನ ಸಂಶೋಧನಾ ಕೇಂದ್ರ, ಈಗಿನ ಸಿಪಿಸಿಆರ್‌ಐ, ನಮ್ಮ ಊರಿನಲ್ಲೇ ಇದೆ, ತಾಜಾ ಕಾಯಿಹಾಲಿನಿಂದ ವರ್ಜಿನ್ ಎಣ್ಣೆ ತೆಗೆಯುವ ವಿಧಾನಗಳನ್ನೂ ಅಲ್ಲಿ ಕಲಿಸುತ್ತಾರೆ. ಎಣ್ಣೆಯ ಚರ್ಮದ ಪರೀಕ್ಷೆ ಹೆಚ್ಚು ನಡೆದದ್ದು ಮಾತ್ರ ಫಿಲಿಪ್ಪೀನ್ಸ್‌ನಲ್ಲಿ. 2014ರಲ್ಲಿ ಪ್ರಕಟವಾದ ಒಂದರಲ್ಲಿ, ಇಸುಬಿನ ತೊಂದರೆ ಇರುವ 117 ಮಕ್ಕಳಿಗೆ 8 ವಾರ ಎಣ್ಣೆ ಹಚ್ಚಿದರು. ಅರ್ಧದಷ್ಟು ಮಕ್ಕಳಿಗೆ ವರ್ಜಿನ್ ತೆಂಗಿನೆಣ್ಣೆ, ಉಳಿದವರಿಗೆ ಮಿನರಲ್ ಆಯಿಲ್. ತೆಂಗಿನೆಣ್ಣೆಯದ್ದೇ ಮೇಲುಗೈ, ಚರ್ಮದಿಂದ ನೀರು ಆವಿಯಾಗುವುದೂ ಕಮ್ಮಿಯಾಯಿತು. ಕೂದಲಿನ ಬಗ್ಗೆ 2003ರ ಒಂದು ಭಾರತೀಯ ಅಧ್ಯಯನ ಇದೆ: ತೆಂಗಿನೆಣ್ಣೆ ಕೂದಲಿನಿಂದ ಪ್ರೋಟೀನ್ ಹೋಗುವುದನ್ನು ಕಮ್ಮಿ ಮಾಡುತ್ತದೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮಾಡುವುದಿಲ್ಲ. ಅದನ್ನು ಮಾಡಿದ್ದು ತೆಂಗಿನೆಣ್ಣೆ ಮಾರುವ ಕಂಪನಿಯವರೇ ಅನ್ನುವುದನ್ನೂ ಹೇಳಬೇಕು. ಸುಳ್ಳು ಅಂತಲ್ಲ, ಗೊತ್ತಿರಲಿ ಅಂತ.

ಆದರೆ ಎಣ್ಣೆ ಎಲ್ಲದಕ್ಕೂ ಆಗುವುದಿಲ್ಲ. ಮೊಡವೆ ಇರುವ ಮುಖಕ್ಕೆ ಬೇಡ, ರಂಧ್ರ ಕಟ್ಟಿ ಜಾಸ್ತಿಯಾಗುತ್ತದೆ. ಜೋರು ತಲೆಹೊಟ್ಟಿಗೂ ಬೇಡ, ಅದರ ಹಿಂದಿರುವ ಮಲಸೇಜಿಯಾ ಅನ್ನುವ ಶಿಲೀಂಧ್ರ ಬದುಕುವುದೇ ಜಿಡ್ಡು ತಿಂದು. ಮುಖಕ್ಕೆ ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದಂತೂ ಬೇಡವೇ ಬೇಡ. ನಿಂಬೆಯಲ್ಲಿರುವ ಫ್ಯೂರೋಕೌಮರಿನ್ ಬಿಸಿಲು ತಾಗಿದರೆ ಚರ್ಮವನ್ನು ಸುಡುತ್ತದೆ, ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಮದರಂಗಿಯೂ ಹಾಗೆ. ಸೊಪ್ಪಿನ ಮದರಂಗಿ ಕೆಂಪಾಗಲು ಗಂಟೆಗಟ್ಟಲೆ ಬೇಕು. ಹತ್ತು ನಿಮಿಷದಲ್ಲಿ ಕಪ್ಪಾಗುವ ಕೋನ್ ಸಿಕ್ಕಿದರೆ ಅದರಲ್ಲಿ ಹೇರ್ ಡೈಗೆ ಹಾಕುವ ಪಿಪಿಡಿ ಅನ್ನುವ ರಾಸಾಯನಿಕ ಇರುವ ಸಾಧ್ಯತೆ ಹೆಚ್ಚು. ಕೆಲವರ ಕೈಯಲ್ಲಿ ಚಿತ್ತಾರದ ಗೆರೆಗೆ ಸರಿಯಾಗಿ ಬೊಕ್ಕೆ ಏಳುತ್ತದೆ, ಆಮೇಲೆ ಜೀವಮಾನವಿಡೀ ಹೇರ್ ಡೈ ಆಗಿಬರುವುದಿಲ್ಲ. ಮದುವೆ ಸೀಸನಿನಲ್ಲಿ ಇದನ್ನು ಮನೆಯ ಹೆಣ್ಣುಮಕ್ಕಳಿಗೆ ಹೇಳಿ. ಸ್ಟಿಕ್ಕರ್ ಬಿಂದಿಯ ಅಂಟಿನಲ್ಲೂ ಹಿಂದೆ ಪ್ಯಾರಾ-ಟರ್ಷಿಯರಿ-ಬ್ಯೂಟೈಲ್‌ಫೀನಾಲ್ ಅನ್ನುವ ರಾಸಾಯನಿಕ ಸಿಕ್ಕಿದೆ, ಅದು ಮೆಲನೋಸೈಟನ್ನೇ ಕೊಲ್ಲುತ್ತದೆ. ಹಣೆಯಲ್ಲಿ ಬಿಂದಿಯಷ್ಟೇ ಜಾಗ ಬಿಳಿಯಾಗುವುದು ಅದರಿಂದ.

ಸನ್‌ಸ್ಕ್ರೀನ್ ಬೇಕಾ ಅಂತ ತುಂಬಾ ಜನ ಚೀಟಿ ಕಳಿಸಿದರು. ಈ ವಿಷಯದಲ್ಲಿ ಅತಿ ಗಟ್ಟಿ ಪರೀಕ್ಷೆ ಆಸ್ಟ್ರೇಲಿಯಾದ ನಂಬೂರ್ ಅನ್ನುವ ಪಟ್ಟಣದ್ದು. 1992ರಿಂದ 1996ರ ತನಕ, ನಾಲ್ಕೂವರೆ ವರ್ಷ, 1621 ಜನ. ಅರ್ಧ ಜನ ದಿನಾ ಹಚ್ಚಬೇಕು, ಉಳಿದವರು ಅವರಿಗೆ ತೋಚಿದ ಹಾಗೆ. ದಿನಾ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ಶೇ. 40 ಕಮ್ಮಿಯಾಯಿತು. ಕೈಯ ಹಿಂಬದಿಯ ಚರ್ಮಕ್ಕೆ ಸಿಲಿಕೋನ್ ಒತ್ತಿ ಅಚ್ಚು ತೆಗೆದು, ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. 2013ರಲ್ಲಿ ಬಂದ ಫಲಿತಾಂಶ: ಚರ್ಮ ಮುಪ್ಪಾಗುವುದು ದಿನಾ ಹಚ್ಚಿದವರಲ್ಲಿ ಶೇ. 24 ಕಮ್ಮಿ. ಇಲ್ಲಿ ಯಾರೂ ಸುಮ್ನೆ ಫೋಟೋ ತೋರಿಸಿಲ್ಲ ನೋಡಿ.

ಆದರೆ ಅವರು ಬಿಳಿಯರು. ನಮ್ಮ ಮೆಲನಿನ್ನೇ ಒಂದು ಛತ್ರಿ. 1979ರಲ್ಲಿ ಅಳೆದವರಿದ್ದಾರೆ: ಬಿಸಿಲು ತಡೆಯುವ ಶಕ್ತಿಯನ್ನು ಅಳೆಯುವ ಎಸ್‌ಪಿಎಫ್ ಲೆಕ್ಕದಲ್ಲಿ ಕಪ್ಪು ಚರ್ಮದ ಮೇಲ್ಪದರಕ್ಕೆ ತಾನಾಗಿಯೇ 13ರ ಆಸುಪಾಸಿನ ರಕ್ಷಣೆ, ಬಿಳಿ ಚರ್ಮಕ್ಕೆ 3ರಷ್ಟು. ಬೆಳ್ಳಗಾಗಲು ಹೊರಟವರು ಕಳಚಿಹಾಕುವುದು ಇದನ್ನೇ. ಈ ಛತ್ರಿ ಇರುವುದರಿಂದ ಕ್ಯಾನ್ಸರಿನ ಹೆದರಿಕೆಯಿಂದ ನಾವು ಸನ್‌ಸ್ಕ್ರೀನ್ ಕೊಳ್ಳುವ ಅಗತ್ಯ ಕಮ್ಮಿ. ಬಂಗು ಇದ್ದವರಿಗೆ ಮಾತ್ರ ನಿಜವಾಗಿ ಬೇಕು. ಅವರಿಗೂ ಬಣ್ಣವಿಲ್ಲದ ಸಾಮಾನ್ಯ ಸನ್‌ಸ್ಕ್ರೀನ್ ಸಾಲುವುದಿಲ್ಲ, ಯಾಕೆ ಅಂದರೆ ನಮ್ಮ ಬಣ್ಣದ ಚರ್ಮ ಕಣ್ಣಿಗೆ ಕಾಣುವ ಬೆಳಕಿಗೂ ಕಪ್ಪಾಗುತ್ತದೆ. ಕಬ್ಬಿಣದ ಆಕ್ಸೈಡ್ ಬೆರೆತ, ಮಣ್ಣಿನ ಬಣ್ಣದ ಸನ್‌ಸ್ಕ್ರೀನ್ ಬಂಗಿಗೆ ಹೆಚ್ಚು ಉಪಯೋಗ ಅಂತ ಮೆಕ್ಸಿಕೋದಲ್ಲಿ ನಡೆದ ಪರೀಕ್ಷೆ ಹೇಳುತ್ತದೆ. ಇನ್ನು ಅಳತೆ. ಡಬ್ಬಿಯ ಮೇಲಿನ ಎಸ್‌ಪಿಎಫ್ ನಂಬರ್ ಬರುವುದು ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ. ಜನ ಹಚ್ಚುವುದು ಅದರ ಕಾಲುಭಾಗ, ಹೆಚ್ಚೆಂದರೆ ಅರ್ಧ. ಮುಖ, ಕುತ್ತಿಗೆಗೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಎಳೆದಷ್ಟು ಬೇಕು. ಒಂದು ಚುಕ್ಕೆ ಇಟ್ಟು ಮುಖವಿಡೀ ಉಜ್ಜಿದರೆ 50 ಅಂತ ಬರೆದದ್ದು ನಿಮ್ಮ ಮುಖದಲ್ಲಿ 50 ಆಗಿರುವುದಿಲ್ಲ. ಅಡಿಕೆ ತೋಟದಲ್ಲಿ ಕೆಲಸ ಮಾಡುವವರಿಗೆ ಮುಟ್ಟಾಳೆ, ತುಂಬು ತೋಳಿನ ಅಂಗಿ ಇದಕ್ಕಿಂತ ಅಗ್ಗ, ಬೆವರಿಗೆ ಹೋಗುವುದೂ ಇಲ್ಲ.

ಸಭೆ ಮುಗಿದ ಮೇಲೆ ಒಬ್ಬಳು ಹುಡುಗಿ ಬಂದು ಮೆಲ್ಲಗೆ ಕೇಳಿದಳು, ತುಂಬಾ ಸಮಯದಿಂದ ಒಂದು ಡಬ್ಬಿ ಹಚ್ಚುತ್ತಿದ್ದೇನೆ, ಈಗ ನಿಲ್ಲಿಸಿದರೆ ಏನಾಗ್ತದೆ ಸರ್ ಅಂತ. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಪಾದರಸದ್ದಾದರೆ ನಿಲ್ಲಿಸಿದ ಮೇಲೆ ಹಳೆಯ ಬಣ್ಣ ಮೆಲ್ಲಗೆ ವಾಪಸ್ ಬರುತ್ತದೆ, ಮೈಗೆ ಸೇರಿದ ಪಾದರಸ ಅರ್ಧಕ್ಕೆ ಇಳಿಯಲು ಒಂದೆರಡು ತಿಂಗಳು ಹಿಡಿಯುತ್ತದೆ. ಸ್ಟಿರಾಯ್ಡ್ ಇದ್ದರೆ ಮುಖ ಕೆಂಪಾಗಿ ಉರಿಯಬಹುದು, ಆಗ ಅದೇ ಡಬ್ಬಿಗೆ ವಾಪಸ್ ಹೋಗದೆ ಚರ್ಮದ ಡಾಕ್ಟರ ಹತ್ತಿರ ಹೋಗಬೇಕು. ಡಬ್ಬಿಯನ್ನು ಬಿಸಾಡಬೇಡ, ಮುಚ್ಚಳ ಬಿಗಿ ಮಾಡಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಡಾಕ್ಟರಿಗೆ ತೋರಿಸು, ಡ್ರಗ್ಸ್ ಕಂಟ್ರೋಲ್ ಆಫೀಸಿಗೂ ಕೊಡಬಹುದು. ಕಾಲು ಬಾವು ಇಲ್ಲದಿದ್ದರೂ ಒಮ್ಮೆ ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸು, ಸಣ್ಣ ಲ್ಯಾಬಿನಲ್ಲೂ ಆಗುತ್ತದೆ, ದುಬಾರಿಯಲ್ಲ. ಡಾಕ್ಟರು ಕೇಳದಿದ್ದರೂ ಕ್ರೀಮಿನ ವಿಷಯ ನೀನಾಗಿಯೇ ಹೇಳು, ಮುಖಕ್ಕೆ ಏನು ಹಚ್ಚುತ್ತೀರಿ ಅಂತ ಕಿಡ್ನಿ ನೋಡುವವರು ಸಾಮಾನ್ಯವಾಗಿ ಕೇಳುವುದಿಲ್ಲ.